ಅರ್ಧ ಬೆರಳು ಹೆಚ್ಚು

ಮಾಸ್ಟರು ಕತ್ತರಿಸಿದ ಅಂಗಿ ತೊಟ್ಟವರು ಕನ್ನಡಿಯ ಮುಂದೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿ, ಏನೂ ಹೇಳದೆ ಹೋಗಿಬಿಡುತ್ತಿದ್ದರು. ದರ್ಜಿಗೆ ಅದಕ್ಕಿಂತ ದೊಡ್ಡ ಬಿರುದು ಬೇಕಿಲ್ಲ. ಬಾಯ್ತುಂಬ ಹೊಗಳಿದವನು ನಾಳೆ ಬಂದು ಕಾಲರ್ ಬಿಗಿ ಎನ್ನುತ್ತಾನೆ. ಸುಮ್ಮನೆ ಹೋದವನು ಮತ್ತೆ ಬಟ್ಟೆ ಹಿಡಿದುಕೊಂಡೇ ಬರುತ್ತಾನೆ. ಮೂವತ್ತು ವರ್ಷ ಹೀಗೇ ನಡೆದಿತ್ತು. ಮಾಸ್ಟರಿಗೆ ದೇವರಿಗಿಂತ ತಮ್ಮ ಕತ್ತರಿಯ ಮೇಲೆ ಒಂದು ಗುಲಗಂಜಿ ತೂಕ ಹೆಚ್ಚೇ ನಂಬಿಕೆ ಇತ್ತು.

ಅಂಗಡಿಯೆಂದರೆ ಒಂದೇ ಕೋಣೆ. ನಡುವೆ ಕತ್ತರಿಸುವ ಮೇಜು, ಅದರ ಬಲಕ್ಕೆ ಕಿಟಕಿ, ಕಿಟಕಿಯ ಬೆಳಕಿನಲ್ಲಿ ಕಾಲಲ್ಲಿ ತುಳಿಯುವ ಹೊಲಿಗೆ ಮೆಷಿನ್. ಮೇಜು ಮಾಸ್ಟರದು, ಮೆಷಿನ್ ಅವರ ಹೆಂಡತಿಯದು. ಅವರು ಕತ್ತರಿಸಿದ ತುಂಡನ್ನು ಬಲಗೈಯಲ್ಲಿ ಚಾಚಿದರೆ ಆಕೆ ತಲೆ ಎತ್ತದೆಯೇ ತೆಗೆದುಕೊಳ್ಳುತ್ತಿದ್ದಳು. ದಿನವಿಡೀ ಮಾತು, ಅದರಲ್ಲಿ ಮುಕ್ಕಾಲು ಪಾಲು ಜಗಳ. ಮೆಷಿನ್ನಿನ ಸದ್ದಿನಲ್ಲಿ ಆಕೆ ಅಂದದ್ದು ಮಾಸ್ಟರಿಗೆ ಅರ್ಧ ಕೇಳುತ್ತಿರಲಿಲ್ಲ. "ಏನಂದೆ?" ಎನ್ನುವರು. "ನಿಮ್ ಕತ್ತರಿಗಿಂತ ನಿಮ್ ಬಾಯೇ ಹರಿತ ಅಂದೆ" ಎನ್ನುವಳು. ಅದಕ್ಕೆ ಇವರು ಇನ್ನೊಂದು ಹೇಳುವರು.

ಹೋದ ಚಳಿಗಾಲದಲ್ಲಿ ಜ್ವರವೆಂದು ಮಲಗಿದವಳು ಮತ್ತೆ ಏಳಲಿಲ್ಲ. ಅರ್ಧ ಹೊಲಿದ ತೋಳೊಂದು ಸೂಜಿಯ ಕೆಳಗೇ ಉಳಿದಿತ್ತು. ಅದನ್ನು ಬಿಡಿಸಿ ತೆಗೆಯಲು ಮಾಸ್ಟರಿಗೆ ಬಹಳ ದಿನ ಕೈ ಬರಲಿಲ್ಲ.

ಆಮೇಲೆ ಹೊಲಿಯಲು ಒಬ್ಬ ಹೆಂಗಸು ಬಂದಳು. ಹಿಂದೆ ದೊಡ್ಡ ಗಾರ್ಮೆಂಟ್ ಕಾರ್ಖಾನೆಯಲ್ಲಿದ್ದವಳು. ಹೇಳಿದ ಹೊತ್ತಿಗೆ ಬರುವಳು, ಹೇಳಿದ ಹೊತ್ತಿಗೆ ಏಳುವಳು, ನಡುವೆ ತುಟಿ ಬಿಚ್ಚಳು. ಮಾಸ್ಟರು ಅವಳಿಗೆ ಮನಸ್ಸಿನಲ್ಲೇ ಗಡಿಯಾರ ಎಂದು ಹೆಸರಿಟ್ಟರು. ಅವಳ ಹೊಲಿಗೆಯಲ್ಲಿ ಕೊಂಕು ಹುಡುಕಲು ಸಾಧ್ಯವಿರಲಿಲ್ಲ. ಆದರೂ ಅವಳು ಹೊಲಿದ ಅಂಗಿಗಳೆಲ್ಲ ದೊಗಳೆಯಾದವು.

"ಏನ್ ಮಾಸ್ಟ್ರೇ, ನನ್ನ ಜೊತೆ ಇನ್ನೊಬ್ಬರನ್ನೂ ನಿಲ್ಲಿಸ್ಕೊಂಡು ಅಳತೆ ತಗೊಂಡ್ರಾ?" ಎಂದ ಪಕ್ಕದ ಬೇಕರಿಯವನು, ಹೊಸ ಅಂಗಿಯ ಪಕ್ಕೆಯನ್ನು ಚಿಟಿಕೆಯಲ್ಲಿ ಹಿಡಿದು ತೋರಿಸುತ್ತ.

ಮಾಸ್ಟರು ಗಡಿಯಾರದ ಮೇಲೆ ರೇಗಿದರು. ಅವಳು ಟೇಪ್ ತಂದು, ಅವರೇ ಕತ್ತರಿಸಿಟ್ಟ ತುಂಡಿನ ಮೇಲೆ ಹಾಸಿದಳು. "ನೋಡಿ ಮಾಸ್ಟ್ರೇ. ಒಂದೊಂದು ತುಂಡೂ ಅರ್ಧ ಬೆರಳು ಹೆಚ್ಚಿದೆ. ನಾನು ಗುರುತಿನ ಮೇಲೇ ಹೊಲೀತೀನಿ, ನಿಮ್ ಗುರುತೇ ಆಚೆ ಇದ್ರೆ ನಾನೇನ್ ಮಾಡ್ಲಿ?"

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ!"

"ನೆಲ ಡೊಂಕಲ್ಲ, ನೀವೇ ಡೊಂಕು. ಹೀಗೇ ಆದ್ರೆ ನಾನು ಬೇರೆ ಕಡೆ ನೋಡ್ಕೋತೀನಿ. ನನ್ ಹೆಸರೂ ಕೆಡುತ್ತೆ."

ಮಾಸ್ಟರು ಎರಡನೆಯ ಸಲ ಅಳೆದರು, ಮೂರನೆಯ ಸಲವೂ ಅಳೆದರು. ಅರ್ಧ ಬೆರಳು ಅಲ್ಲೇ ಇತ್ತು.

ಇದ್ಯಾವುದೂ ಗೊತ್ತಿಲ್ಲದ ಮಗಳು ಅದೇ ವಾರ ಬಂದು ಹಟ ಹಿಡಿದಳು. ಅವಳು ಪೋಸ್ಟಾಫೀಸಿನ ಕೌಂಟರಿನಲ್ಲಿ ಕೆಲಸಕ್ಕಿದ್ದಳು. "ಅಪ್ಪಾ, ಸೊಂಟ ಹಿಡ್ಕೊಂಡು ಓಡಾಡ್ತೀಯ, ಸರಿಯಾಗಿ ನಿದ್ದೆ ಮಾಡಲ್ಲ, ಸಿಕ್ಕವರ ಮೇಲೆಲ್ಲ ಹರಿಹಾಯ್ತೀಯ. ನಮ್ಮಾಫೀಸಿನ ಮಹಡಿ ಮೇಲೆ ಧ್ಯಾನದ ಕ್ಲಾಸ್ ನಡೆಯುತ್ತೆ. ಉಸಿರಾಟ ಹೇಳ್ಕೊಡ್ತಾರೆ, ಬಾ."

"ಹುಟ್ಟಿದಾಗಿಂದ ಉಸಿರಾಡ್ತಾ ಇದೀನಿ ಕಣೇ. ಒಂದ್ಸಲಾನೂ ತಪ್ಪಿಲ್ಲ."

ಆದರೂ ಹೋದರು. ಮಗಳ ಹಟ ಅವಳಮ್ಮನದೇ. ಅದರ ಮುಂದೆ ಅವರು ಯಾವತ್ತೂ ಗೆದ್ದವರಲ್ಲ.

ಹತ್ತು ಹನ್ನೆರಡು ಜನ ಚಾಪೆಯ ಮೇಲೆ ಕೂತಿದ್ದರು. ಕಲಿಸುವ ಟೀಚರಮ್ಮನಿಗೆ ಮಗಳಷ್ಟೇ ವಯಸ್ಸು. ಕಣ್ಣು ಮುಚ್ಚಿ, ಮನಸ್ಸನ್ನು ಖಾಲಿ ಮಾಡಿ ಎಂದರು. ಖಾಲಿ ಮಾಡಲು ಇದೇನು ಬಾಡಿಗೆ ಮನೆಯೇ ಎಂದುಕೊಂಡರು ಮಾಸ್ಟರು. ಕಣ್ಣು ಮುಚ್ಚಿದ ಕೂಡಲೇ ಮೆಷಿನ್ನಿನ ಸದ್ದು ಕೇಳತೊಡಗಿತು. ಗಡಿಯಾರ ತುಳಿಯುವಂಥದ್ದಲ್ಲ, ನಡುನಡುವೆ ಮಾತಿಗಾಗಿ ನಿಲ್ಲುವ ಆ ಹಳೆಯ ಸದ್ದು. ಅದನ್ನು ಓಡಿಸುವ ಮನಸ್ಸು ಅವರಿಗಿರಲಿಲ್ಲ. ಇನ್ನಷ್ಟು ಹತ್ತಿರದಿಂದ ಕೇಳಬೇಕೆನ್ನಿಸಿತು.

ಹೆಗಲ ಮೇಲೆ ಎರಡು ಕೈಗಳು ಬಂದವು. "ನೆಟ್ಟಗೆ ಕೂತ್ಕೊಳ್ಳಿ ಸಾರ್," ಎಂದರು ಟೀಚರಮ್ಮ ಮೆಲ್ಲಗೆ.

"ನೆಟ್ಟಗೇ ಇದೀನಲ್ಲಮ್ಮ."

"ಇಲ್ಲ ಸಾರ್, ಬಲಗಡೆ ವಾಲಿದೀರ." ಅವರು ಹೆಗಲನ್ನು ಹಿಡಿದು ತುಸು ಎಡಕ್ಕೆ ತಂದರು. ಮಾಸ್ಟರು ಬೀಳುತ್ತೇನೆಂದುಕೊಂಡು ನೆಲಕ್ಕೆ ಕೈ ಊರಿದರು.

"ಬೀಳಲ್ಲ ಸಾರ್. ಇದೇ ನೆಟ್ಟಗೆ. ನಿಮ್ ಮೈಗೆ ಅಭ್ಯಾಸ ತಪ್ಪಿದೆ, ಅಷ್ಟೇ. ಬಲಗಡೆ ಏನಿದೆ ನಿಮ್ಗೆ?"

"ಯಾರೂ ಇಲ್ಲ," ಎಂದರು ಮಾಸ್ಟರು.

ಮರುದಿನ ಅಂಗಡಿಗೆ ಬೇಗ ಹೋಗಿ, ಗಿರಾಕಿಗಳ ನಿಲುಗನ್ನಡಿಯನ್ನು ಮೇಜಿನ ಎದುರಿಗೆ ಎಳೆದುಕೊಂಡರು. ತಮ್ಮ ಬೆನ್ನು ತಮಗೆ ಕಾಣದು ಎನ್ನುತ್ತಾರೆ. ಮಾಸ್ಟರಿಗೆ ತಮ್ಮ ಎದೆಯೂ ಈವರೆಗೆ ಕಂಡಿರಲಿಲ್ಲ. ಬಟ್ಟೆ ಹಾಸಿ, ಸೀಮೆಸುಣ್ಣ ಹಿಡಿದು, ಎಂದಿನಂತೆ ಬಗ್ಗಿ ಟೇಪಿಟ್ಟು ಗುರುತು ಹಾಕಿ ತಲೆ ಎತ್ತಿದರು. ಕನ್ನಡಿಯಲ್ಲಿದ್ದ ಮುದುಕ ಬಲಕ್ಕೆ ವಾಲಿದ್ದ. ಕುತ್ತಿಗೆ ಚಾಚಿ, ಕಿವಿಯನ್ನು ಮೆಷಿನ್ನಿನ ಕಡೆ ಕೊಟ್ಟು, ಯಾರೋ ಏನೋ ಹೇಳುತ್ತಿದ್ದಾರೆ, ಅರ್ಧ ಕೇಳಿಸಿತು, ಉಳಿದದ್ದು ಕೇಳಬೇಕು ಎಂಬಂತೆ ನಿಂತಿದ್ದ. ಅಡ್ಡ ಬಿದ್ದ ನೋಟಕ್ಕೆ ಟೇಪಿನ ಗೆರೆ ಸರಿದು ಕಂಡು, ಸುಣ್ಣದ ಗುರುತು ಅರ್ಧ ಬೆರಳು ಆಚೆ ಬಿದ್ದಿತ್ತು.

ಅವರು ಸ್ಟೂಲಿನ ಮೇಲೆ ಕೂತುಬಿಟ್ಟರು. ಸರಿಮಾಡಿಕೊಳ್ಳುವುದೇನೂ ದೊಡ್ಡ ಕೆಲಸವಲ್ಲ, ಕನ್ನಡಿ ನೋಡಿಕೊಂಡು ಮೈಯನ್ನು ನಾಲ್ಕು ದಿನ ತಿದ್ದಿದರೆ ಆಯಿತು. ಅಂಗಡಿ ಉಳಿಯುತ್ತದೆ, ಸೊಂಟದ ನೋವೂ ಹೋದೀತು. ಆದರೆ ಆಕೆಯ ಸೀರೆ, ಚಪ್ಪಲಿ, ಕನ್ನಡಕ ಎಲ್ಲ ಒಂದೊಂದಾಗಿ ಮನೆಯಿಂದ ಹೋಗಿದ್ದವು. ಈ ವಾಲಿಕೆಯೊಂದೇ ಉಳಿದಿತ್ತು. ಇದನ್ನೂ ಬಿಟ್ಟರೆ ಆಕೆ ತಮ್ಮ ಮೈಯಿಂದಲೂ ಎದ್ದು ಹೋಗುತ್ತಾಳೆ ಎಂಬ ಭಯಕ್ಕೆ ಮಾಸ್ಟರು ಮಕ್ಕಳ ಹಾಗೆ ಅತ್ತರು.

ಕಣ್ಣೊರೆಸಿಕೊಂಡು, ನೆಟ್ಟಗೆ ನಿಂತು, ಬೇಕರಿಯವನ ಇನ್ನೊಂದು ಅಂಗಿಯನ್ನು ಕತ್ತರಿಸಿದರು. ಗಡಿಯಾರ ಬಂದು ಟೇಪ್ ಇಟ್ಟು ನೋಡಿ, ಮೊದಲ ಬಾರಿಗೆ ನಕ್ಕಳು. "ಇವತ್ತು ಕೂದಲೆಳೆಯಷ್ಟೂ ಹೆಚ್ಚಿಲ್ಲ ಮಾಸ್ಟ್ರೇ!" ಮಾಸ್ಟರಿಗೆ ಯಾರೋ ಸಾವಿನ ಸುದ್ದಿಯನ್ನು ಎರಡನೆಯ ಸಲ ಹೇಳಿದಂತಾಯಿತು.

ಸಂಜೆ ಮಗಳ ಮನೆಗೆ ಹೋದರು. ಚಹಾ ಆರುವವರೆಗೂ ಲೋಟವನ್ನು ಕೈಯಲ್ಲಿ ತಿರುಗಿಸಿ ಕೇಳಿದರು. "ನಾನು ವಾಲ್ತಿದ್ದೆ ಅನ್ನೋದು ನಿಮ್ಮಮ್ಮಂಗೆ ಗೊತ್ತಿತ್ತಾ?"

ಮಗಳು ನಕ್ಕಳು, ಆಮೇಲೆ ಅವಳ ಮುಖ ಬದಲಾಯಿತು. "ಗೊತ್ತಿಲ್ದೆ ಏನಪ್ಪಾ? ನಾನು ಸ್ಕೂಲಿಂದ ಬಂದು ಅಲ್ಲೇ ಕೂತಿರ್ತಿದ್ದೆ. ಅಮ್ಮ ಪ್ರತಿ ತುಂಡನ್ನೂ ಅರ್ಧ ಬೆರಳು ಒಳಗೆ ತಗೊಂಡೇ ಹೊಲಿಯೋಳು. ಅಪ್ಪಂಗೆ ಹೇಳ್ಬಾರ್ದಾ ಅಂತ ಒಂದ್ಸಲ ಕೇಳ್ದೆ."

"ಏನಂದ್ಲು?"

"'ಹೇಳಿದ್ರೆ ನೆಟ್ಟಗಾಗ್ಬಿಡ್ತಾರೆ ಕಣೇ, ಸುಮ್ನಿರು' ಅಂದ್ಲು."

ಮಾಸ್ಟರು ಆರಿದ ಚಹಾವನ್ನೇ ಕುಡಿದರು. ಮನೆಗೆ ಬಂದು, ಮೈಮೇಲಿದ್ದ ಹಳೆಯ ಅಂಗಿಯನ್ನು ತೆಗೆದು ಒಳಮೈ ಹೊರಗೆ ಮಾಡಿ ನೋಡಿದರು. ಪಕ್ಕೆಯ ಹೊಲಿಗೆಯೊಳಗೆ ಅರ್ಧ ಬೆರಳು ಬಟ್ಟೆ ಮಡಿಸಿ ಕೂತಿತ್ತು. ಆಕೆ ಅದನ್ನು ಕತ್ತರಿಸಿ ಎಸೆದಿರಲಿಲ್ಲ. ಬೀರುವಿನಲ್ಲಿದ್ದ ಅಂಗಿಗಳನ್ನೆಲ್ಲ ಹಾಗೇ ತಿರುಗಿಸಿದರು, ಎಲ್ಲದರಲ್ಲೂ ಇತ್ತು. ಇಷ್ಟು ವರ್ಷ ಆಕೆ ಅದರ ಬಗ್ಗೆ ಒಂದು ಮಾತೂ ಆಡದೆ ತಮ್ಮ ತಪ್ಪನ್ನು ತಮಗೇ ತೊಡಿಸಿ ಕಳಿಸುತ್ತಿದ್ದಳು!

ರಜೆಯ ದಿನ ಒಬ್ಬರೇ ಅಂಗಡಿ ತೆರೆದರು. ವಾರವಿಡೀ ಗಿರಾಕಿಗಳಿಗೆಂದು ನೆಟ್ಟಗೆ ನಿಂತಿದ್ದರು. ಇನ್ನು ಮುಂದೆಯೂ ನಿಲ್ಲುವವರೇ. ಇವತ್ತಿನ ಬಟ್ಟೆ ತಮ್ಮದು. ಕನ್ನಡಿಯನ್ನು ಗೋಡೆಗೆ ತಿರುಗಿಸಿ ಮೇಜಿನ ಮೇಲೆ ಬಗ್ಗಿದರು. ವಾಲುವುದನ್ನು ಮೈಗೆ ಹೇಳಿಕೊಡಬೇಕಾಗಲಿಲ್ಲ.

ಕತ್ತರಿಸಿದ ತುಂಡುಗಳನ್ನು ಬಲಗೈಯಲ್ಲಿ ಚಾಚಿದರು. ತೆಗೆದುಕೊಳ್ಳುವವರು ಯಾರೂ ಇರಲಿಲ್ಲ. ಆಗ ತಾವೇ ಮೇಜನ್ನು ಸುತ್ತಿ ಬಂದು, ಮೂವತ್ತು ವರ್ಷದಲ್ಲಿ ಒಮ್ಮೆಯೂ ಕೂರದ ಆ ಕುರ್ಚಿಯಲ್ಲಿ ಕೂತರು. ಎರಡು ಪಕ್ಕೆಗಳನ್ನು ಜೋಡಿಸಿ ಬೆರಳಾಡಿಸಿದರೆ ಹೆಚ್ಚಾದ ಬಟ್ಟೆ ಕೈಗೆ ಹತ್ತಿತು. ಈ ಕುರ್ಚಿಯಲ್ಲಿ ಕೂತವಳಿಗೆ ಅದು ತಪ್ಪಾಗಿ ಕಂಡಿರಲಾರದು ಎಂದು ಅವರಿಗೆ ಆಗ ತಿಳಿಯಿತು. ಮಾತಿಗೆಂದು ಒಬ್ಬ ಗಂಡಸು ತನ್ನ ಕಡೆ ಬಾಗುತ್ತಿದ್ದಾನೆ ಎಂಬುದು ಪ್ರತಿ ತುಂಡಿನಲ್ಲೂ ಅರ್ಧ ಬೆರಳಿನಷ್ಟು ಅವಳ ಕೈಗೆ ಸಿಗುತ್ತಿತ್ತು.

"ಏನಂದೆ?" ಎಂದರು ಮಾಸ್ಟರು, ಖಾಲಿ ಮೇಜಿನ ಕಡೆ ನೋಡಿ. ಆಮೇಲೆ ಆ ಹೆಚ್ಚಿದ್ದನ್ನು ಒಳಕ್ಕೆ ಮಡಿಸಿ, ಮೆಲ್ಲಗೆ ಮೆಷಿನ್ ತುಳಿದರು.