ಸೀಟಣ್ಣ ತೆಗೆದ ಫೋಟೋ

"ಸ್ವಲ್ಪ ಆ ಕಡೆ ಸರೀರಿ ಅಂಕಲ್, ಫೋಟೋದಲ್ಲಿ ನೀವೂ ಬರ್ತಿದ್ದೀರ," ಎಂದು ಹುಡುಗಿಯೊಬ್ಬಳು ಬೇಕರಿಯವನಿಗೆ ಹೇಳಿ, ಉದ್ದನೆಯ ಕಪ್ಪು ಕಾರಿಗೆ ಒರಗಿ ನಿಂತು ಕೂದಲು ಸರಿಮಾಡಿಕೊಂಡಳು. ಅವಳ ಗೆಳೆಯ ಮೊಬೈಲು ಎತ್ತಿ ಹಿಡಿದಿದ್ದ.

"ಆ ಕಾರು ಬೇಡಮ್ಮ," ಎಂದ ಬೇಕರಿಯವನು. "ಬೇಕಿದ್ರೆ ಆ ಕೆಂಪು ಕಾರಿನ ಹತ್ರ ತೆಗೆಸ್ಕೋ. ಇಲ್ಲಾ ನನ್ನದೇ ಇದೆ, ಆ ಹಸಿರುದು."

"ಯಾಕೆ? ಇದೂ ಹಳೇದೇ ಅಲ್ವಾ?"

"ಹೆಣದ ಗಾಡಿ ಕಣಮ್ಮ ಅದು."

ಹುಡುಗಿ ಗಾಜಿನೊಳಗೆ ಬಗ್ಗಿ ನೋಡಿದಳು. ಖಾಲಿ ಹಲಗೆ, ಅದರ ಮೇಲೆ ಉದುರಿದ ನಾಲ್ಕಾರು ಹೂವು. ಗೆಳೆಯನ ತೋಳು ಹಿಡಿದುಕೊಂಡು ಸರಸರ ನಡೆದುಬಿಟ್ಟಳು.

ಅವಳನ್ನು ಬೈದು ಏನು ಪ್ರಯೋಜನ? ಚಿತಾಗಾರದ ಗೇಟಿನ ಹೊರಗೆ ಒಂಬತ್ತು ಹಳೇ ಕಾರುಗಳು ಸಾಲಾಗಿ ನಿಂತಿದ್ದವು. ಸತ್ತವನ ಗೌರವಕ್ಕೆಂದು ಎಲ್ಲರೂ ಬೆಳಗ್ಗೆಯೇ ಎದ್ದು ತೊಳೆದು, ಉಜ್ಜಿ, ಪಳಪಳ ಹೊಳೆಯಿಸಿ ತಂದಿದ್ದರು. ಚಳಿ ಕಳೆದು ರಸ್ತೆಬದಿಯ ಮರಗಳೆಲ್ಲ ಚಿಗುರಿದ್ದವು, ಬಿಸಿಲು ಹಿತವಾಗಿತ್ತು. ಕಳೆದ ಭಾನುವಾರ ಮೈದಾನದಲ್ಲಿ ನಡೆದ ಕಾರುಗಳ ಕೂಟಕ್ಕೂ ಈ ಶನಿವಾರಕ್ಕೂ ದಾರಿಹೋಕರಿಗೆ ಏನು ವ್ಯತ್ಯಾಸ ಕಾಣಬೇಕು? ಅವರ ಮಾತು ಹಾಗಿರಲಿ, ಹಳೇ ಕಾರುಗಳ ಸಂಘದವರಾದರೂ ಸುಮ್ಮನಿದ್ದರೇ? ಇಬ್ಬರು ಆಗಲೇ ಬಾನೆಟ್ ಎತ್ತಿ, ಯಾವ ಎಣ್ಣೆ ಒಳ್ಳೆಯದು ಎಂದು ವಾದಕ್ಕೆ ಇಳಿದಿದ್ದರು. ಒಳಗೆ ಸರದಿ ಬರಲು ಇನ್ನೂ ಒಂದು ಗಂಟೆ ಇತ್ತು. ಸತ್ತ ಮೇಲೂ ಕ್ಯೂ ತಪ್ಪಿದ್ದಲ್ಲ.

ಸರದಿಗೆ ಕಾಯುತ್ತಿದ್ದವನು ಸೀಟಣ್ಣ. ನಲವತ್ತು ವರ್ಷ ಈ ಕಾರುಗಳ ಸೀಟು ಬಿಚ್ಚಿ, ನಾರು ತುಂಬಿ, ರೆಕ್ಸಿನ್ ಹೊಲಿದವನು. ಅವನಿಗೇ ಒಂದು ಕಾರು ಇರಲಿಲ್ಲ. ಕೂಟಕ್ಕೆ ಬಸ್ಸಿನಲ್ಲಿ ಬರುತ್ತಿದ್ದ, ಕೊರಳಲ್ಲಿ ರೋಲು ಹಾಕುವ ಹಳೇ ಕ್ಯಾಮೆರಾ, ಅಂಗಿಯ ಕಾಲರಿನಲ್ಲಿ ಒಂದು ದಪ್ಪ ಸೂಜಿ. ಅವನು ಎಲ್ಲರಿಗೂ ಸೀಟಣ್ಣನಾದ್ದರಿಂದ ಅವನ ಹೆಂಡತಿ ಎಲ್ಲರಿಗೂ ಅತ್ತಿಗೆ.

ಸಂಘದ ಕಾರ್ಯದರ್ಶಿ ಬೇಕರಿಯವನ ಪಕ್ಕಕ್ಕೆ ಬಂದು ನಿಂತ. ಪಕ್ಕಕ್ಕೆ ಎಂದರೆ ಒಂದು ಮಾರು ದೂರಕ್ಕೆ.

"ಸೀಟಣ್ಣ ನಿಮ್ಮ ಫೋಟೋ ಕೊಟ್ಟಿದ್ರಾ?" ಎಂದ ಮೆಲ್ಲಗೆ.

"ಎಲ್ಲಿ ಕೊಡ್ತಾರೆ? ತೆಗೆದಿದ್ದು ಭಾನುವಾರ. ಗುರುವಾರ ಅವರೇ ಹೋದ್ರಲ್ಲ."

"ಹಾಗಾದ್ರೆ ರೋಲು ತೊಳೆದೇ ಇರಲ್ಲ ಬಿಡಿ. ತೊಳೆಯದೇ ಇದ್ರೆ ಲೆಕ್ಕಕ್ಕಿಲ್ಲ," ಎಂದು ಕಾರ್ಯದರ್ಶಿ ಸಂಘದ ನಿಯಮ ಓದಿದ ಹಾಗೆ ಹೇಳಿ ಹೊರಟುಹೋದ.

ಯಾವ ಲೆಕ್ಕ ಎಂದು ಬೇಕರಿಯವನಿಗೆ ಬಿಡಿಸಿ ಹೇಳಬೇಕಿರಲಿಲ್ಲ. ಸೀಟಣ್ಣ ಕೂಟದಲ್ಲಿ ಎಲ್ಲರ ಕಾರಿನ ಫೋಟೋನೂ ಪಟಪಟ ತೆಗೆಯುತ್ತಿದ್ದ. ಆದರೆ ವರ್ಷಕ್ಕೊಬ್ಬರನ್ನು ಮಾತ್ರ ಕರೆದು, ಕಾರಿನ ಪಕ್ಕ ನಿಲ್ಲಿಸಿ, ಬೆಳಕು ನೋಡಿ, ಗಲ್ಲ ಎತ್ತಿಸಿ, ಅರ್ಧ ಗಂಟೆ ಹಿಡಿದು ಒಂದೇ ಫೋಟೋ ತೆಗೆಯುತ್ತಿದ್ದ. ಮೊದಲನೇ ವರ್ಷ ದಂತವೈದ್ಯರನ್ನು. ಮರುವರ್ಷ ಬಿಳಿ ವ್ಯಾನಿನ ಮುದುಕಿಯನ್ನು. ಆಮೇಲೆ ರೇಡಿಯೋ ರಿಪೇರಿಯವನನ್ನು. ಮೂವರೂ ಮುಂದಿನ ಕೂಟ ನೋಡಲಿಲ್ಲ. ಮೂವರ ಹೆಣದ ತಲೆದೆಸೆಯಲ್ಲಿಯೂ ಸೀಟಣ್ಣ ತೆಗೆದ ಅದೇ ಫೋಟೋ ಇತ್ತು, ಕಟ್ಟು ಹಾಕಿಸಿದ್ದು.

ಗುರುವಾರ ಸೀಟಣ್ಣ ಕೆಲಸದ ಮೇಜಿಗೆ ತಲೆಯಿಟ್ಟವನು ಏಳಲಿಲ್ಲ ಎಂಬ ಸುದ್ದಿ ಬಂದಾಗ ಬೇಕರಿಯವನಿಗೆ ಮೊದಲು ಆಗಿದ್ದು ಸಂತೋಷ. ಸಾವು ದಾರಿ ತಪ್ಪಿ ಬೇರೆ ಮನೆಗೆ ಹೋಗಿ, ಅಷ್ಟಕ್ಕೇ ತೃಪ್ತಿಪಟ್ಟು ತಿರುಗಿತು ಎನ್ನಿಸಿತ್ತು. ಆಮೇಲೆ ನಾಚಿಕೆಯಾಯಿತು. ಆದರೂ ಆವತ್ತು ನಾಲ್ಕು ದಿನದ ಮೇಲೆ ಮೊದಲ ಸಲ ಹೊಟ್ಟೆ ತುಂಬ ಉಂಡ.

*

ಭಾನುವಾರ ಮೈದಾನದಲ್ಲಿ ಜಾತ್ರೆಯಷ್ಟು ಜನ. ಮಕ್ಕಳು ಹಾರ್ನ್ ಒತ್ತುತ್ತಿದ್ದರು, ಮುದುಕರು ತಾವು ಓಡಿಸಿದ್ದ ಕಾರುಗಳ ಕತೆ ಹೇಳುತ್ತಿದ್ದರು, ಎಲ್ಲರ ಕೈಯಲ್ಲೂ ಮೊಬೈಲು. ಬೇಕರಿಯವನ ಹೆಂಡತಿ ಮನೆಯಿಂದ ತಂದ ಬನ್ನುಗಳನ್ನು ಹಂಚುತ್ತ, ಸಿಕ್ಕಿದವರನ್ನೆಲ್ಲ ನಗಿಸುತ್ತ ಓಡಾಡುತ್ತಿದ್ದಳು.

"ಇವರನ್ನ ಕಾರಿಂದ ಇಳಿಸೋಕೆ ನಿಮ್ಮಲ್ಲಿ ಕ್ರೇನ್ ಇದೆಯಾ?" ಎಂದು ಗಂಡನ ಕಡೆ ಕೈ ತೋರಿಸಿ ಕಾರ್ಯದರ್ಶಿಯನ್ನು ಕೇಳಿದಳು. "ನಾನು ನೋಡಿ, ದಿನಾ ನಡೆದು ನಡೆದು ಹೇಗೆ ಇಳಿದಿದ್ದೀನಿ."

ಆಗ ಸೀಟಣ್ಣ ಹಸಿರು ಕಾರಿನ ಮುಂದೆ ಬಂದು ನಿಂತ. "ಬನ್ನಿ, ಇಬ್ಬರೂ ಬನ್ನಿ, ಒಂದು ಫೋಟೋ ತೆಗೀತೀನಿ," ಎಂದ.

ಸುತ್ತ ಬನ್ನು ಕಚ್ಚಿದ್ದವರು ಅಗಿಯುವುದನ್ನೇ ನಿಲ್ಲಿಸಿದರು. ಬೇಕರಿಯವನು ಬೇಡ ಎನ್ನುವಷ್ಟರಲ್ಲಿ ಅವನ ಹೆಂಡತಿ ಕೈ ಒರೆಸಿಕೊಂಡು ಬಂದು ನಿಂತಿದ್ದಳು. ಅವಳಿಗೆ ಇಂಥದ್ದರಲ್ಲಿ ನಂಬಿಕೆ ಇಲ್ಲ. ಸೀಟಣ್ಣ ಬಿಸಿಲಿನತ್ತ ನೋಡಿದ, ಹಿಂದೆ ಹೋದ, ಮುಂದೆ ಬಂದ. "ಬೇಕರಿಯವರೇ, ನೀವು ಸ್ವಲ್ಪ ಸರೀರಿ," ಎಂದ. ಮತ್ತೆ, "ಇನ್ನೂ ಒಂಚೂರು." ಕ್ಯಾಮೆರಾ ಟಕ್ ಎಂದದ್ದು ಮೈದಾನದ ಆ ತುದಿಯವರೆಗೂ ಕೇಳಿಸಿತು ಎಂದು ಬೇಕರಿಯವನಿಗೆ ಅನ್ನಿಸಿತು.

ಫೋಟೋ ತೆಗೆದ ಮೇಲೂ ಸೀಟಣ್ಣ ಹೋಗದೆ ನಿಂತಿದ್ದ. ಏನೋ ಹೇಳುವವನಂತೆ ತುಟಿ ಅಲ್ಲಾಡಿಸಿದ. ಕೊನೆಗೆ, "ಬನ್ನು ಚೆನ್ನಾಗಿತ್ತು," ಎಂದು ಹೇಳಿ ಬಸ್ಸಿಗೆ ಹೊರಟುಹೋದ.

*

"ಬೇಕರಿಯವರೇ, ಒಂದು ನಿಮಿಷ ಇಲ್ಲಿ ಬನ್ನಿ."

ಅತ್ತಿಗೆ ಸಭಾಂಗಣದ ಪಕ್ಕದ ಕಲ್ಲುಬೆಂಚಿನ ಮೇಲೆ ಕೂತಿದ್ದಳು. ಎರಡು ದಿನದಿಂದ ಅತ್ತ ಕಣ್ಣುಗಳು ಈಗ ಒಣಗಿದ್ದವು. ಒಳಗೆ ಬೇಕರಿಯವನ ಹೆಂಡತಿ ಬಂದವರಿಗೆಲ್ಲ ಟೀ ಬಗ್ಗಿಸಿಕೊಡುತ್ತಿದ್ದಳು. ಅಂಥ ಜಾಗದಲ್ಲೂ ಯಾರನ್ನೋ ನಗಿಸಿದ್ದಳು, ಆ ನಗು ಇಲ್ಲಿಗೆ ಕೇಳಿಸುತ್ತಿತ್ತು.

ಅತ್ತಿಗೆ ಚೀಲದಿಂದ ಒಂದು ಕವರು ತೆಗೆದು ತೊಡೆಯ ಮೇಲಿಟ್ಟುಕೊಂಡಳು. "ಬುಧವಾರವೇ ರೋಲು ತೊಳೆಸ್ಕೊಂಡು ಬಂದಿದ್ರು," ಎಂದಳು.

ಬೇಕರಿಯವನು ಬೆಂಚಿನ ತುದಿಯಲ್ಲಿ ಕೂತ. "ಅತ್ತಿಗೆ, ನಿಜ ಹೇಳಿ. ಅಣ್ಣನಿಗೆ ಏನು ಕಾಣಿಸ್ತು ನನ್ನಲ್ಲಿ? ವಾರದಿಂದ ನಿದ್ದೆ ಇಲ್ಲ ನನಗೆ. ಒಲೆಯ ಮುಂದೆ ನಿಂತ್ರೂ ಚಳಿ ಆಗುತ್ತೆ."

"ಮೊದಲು ನೋಡಿ."

ಅವನು ಕವರಿನಿಂದ ಫೋಟೋ ತೆಗೆದ. ನಡುವೆ ಅವನ ಹೆಂಡತಿ ನಿಂತಿದ್ದಳು. ಬೆಳಕೆಲ್ಲ ಅವಳ ಮುಖದ ಮೇಲೆ, ನಗುವಿಗೆ ಮುಂಚಿನ ಒಂದು ಗಳಿಗೆಯಲ್ಲಿ ಸಿಕ್ಕಿದ ಮುಖ. ಒಂದು ಅಂಚಿನಲ್ಲಿ ಅರ್ಧ ಹೊಟ್ಟೆ, ಒಂದು ಮೊಣಕೈ. ಬೇಕರಿಯವನು ಆ ಫೋಟೋದಲ್ಲಿ ಇದ್ದದ್ದು ಅಷ್ಟೇ.

"ನಾನಲ್ಲ," ಎಂದ. ಬಾಯಿಂದ ಬಂದೇಬಿಟ್ಟಿತು. ವಾರದಿಂದ ಎದೆಯಲ್ಲಿ ಹಿಡಿದಿದ್ದ ಉಸಿರನ್ನು ಬಿಟ್ಟ. ಅದು ಪೂರ್ತಿ ಹೊರಗೆ ಹೋಗುವ ಮೊದಲೇ ತಾನು ಹೇಳಿದ್ದೇನು ಎಂದು ಅವನಿಗೆ ಕೇಳಿಸಿತು. ಒಳಗಿಂದ ಮತ್ತೆ ಅವಳ ನಗು ಬಂತು. ಅವನು ಫೋಟೋವನ್ನು ಮಗುಚಿ ಇಟ್ಟುಬಿಟ್ಟ.

"ಅವರಿಗೆ ಕ್ಯಾಮೆರಾದಲ್ಲಿ ಏನೂ ಕಾಣ್ತಿರಲಿಲ್ಲ," ಎಂದಳು ಅತ್ತಿಗೆ. "ಕಾಣ್ತಿದ್ದಿದ್ದು ಸೀಟಿನಲ್ಲಿ."

*

ಚಳಿಗಾಲದಲ್ಲಿ ಕಾರುಗಳು ಶೆಡ್ಡಿನಲ್ಲಿ ಮಲಗುತ್ತವೆ, ಸೀಟುಗಳು ಸೀಟಣ್ಣನ ಅಂಗಡಿಗೆ ಬರುತ್ತವೆ. ಹತ್ತು ವರ್ಷ ಒಬ್ಬನೇ ಕೂತ ಸೀಟು ಅವನ ಹಾಗೆಯೇ ಆಗಿರುತ್ತದೆ. ಯಾರು ಒಂದು ಸೊಂಟಕ್ಕೆ ಭಾರ ಕೊಡದೆ ಕೂರುತ್ತಾರೆ, ಯಾರ ಬೆನ್ನು ಒರಗುವುದನ್ನು ಬಿಟ್ಟಿದೆ, ಯಾರು ಮೊದಲಿನಷ್ಟು ತೂಗುತ್ತಿಲ್ಲ ಎಂಬುದನ್ನೆಲ್ಲ ಸೀಟಣ್ಣನ ಅಂಗೈ ಓದುತ್ತಿತ್ತು. ಮೊದಲ ಸಲ ಅವನು ಸಂಘದಲ್ಲಿದ್ದ ಔಷಧಿ ಅಂಗಡಿಯವರಿಗೆ, ಒಳಗೆ ಏನೋ ಕಾಯಿಲೆ ಇದೆ, ತೋರಿಸಿಕೊಳ್ಳಿ ಎಂದು ಬಾಯಿಬಿಟ್ಟು ಹೇಳಿದ್ದ. "ಮದ್ದು ಮಾರೋನಿಗೇ ಮದ್ದು ಹೇಳ್ತೀಯೇನಯ್ಯ? ಸೂಜಿ ಹಿಡಿದವರೆಲ್ಲ ಡಾಕ್ಟ್ರಾ?" ಎಂದು ಅವರು ಮುಖಕ್ಕೆ ಹೊಡೆದ ಹಾಗೆ ಹೇಳಿ, ಸಾಯುವವರೆಗೂ ಮಾತು ಬಿಟ್ಟರು. ಅವರ ಮನೆಯಲ್ಲಿ ಕಾರಿನ ಫೋಟೋ ಇನ್ನೂರು ಸಿಕ್ಕಿದವಂತೆ, ಅವರದ್ದು ಒಂದೂ ಇಲ್ಲ. ಲೈಸೆನ್ಸಿನ ಫೋಟೋ ದೊಡ್ಡದು ಮಾಡಿಸಿ ಹೆಣದ ಹತ್ತಿರ ಇಟ್ಟಿದ್ದರು, ಮುಖ ಗುರುತೇ ಹತ್ತುತ್ತಿರಲಿಲ್ಲ. ಅಲ್ಲಿಂದ ಬಂದವನೇ ಸೀಟಣ್ಣ ಕ್ಯಾಮೆರಾ ಕೊಂಡ. ಹೇಳುವುದನ್ನು ಬಿಟ್ಟ.

ಈ ಚಳಿಗಾಲ ಹಸಿರು ಕಾರಿನಲ್ಲಿ ಬೇಕರಿಯವನ ಹೆಂಡತಿ ಕೂರುವ ಪಕ್ಕದ ಸೀಟು ಬಿಚ್ಚುತ್ತಿದ್ದಾಗ ಹೆಂಡತಿಯನ್ನು ಕರೆದ. "ಕಣ್ಣು ಮುಚ್ಚಿ ಇಲ್ಲಿ ಕೈ ಇಡೇ."

ಸೀಟಿನ ಮುಂದಿನ ಅಂಚು, ಬಾಗಿಲ ಕಡೆ, ಅಡಿಭಾಗ. ಯಾರ ಕಣ್ಣಿಗೂ ಬೀಳದ ಜಾಗ. ರೆಕ್ಸಿನ್ ಹರಿದು ನಾಲ್ಕು ತೂತು ಬಿದ್ದಿದ್ದವು.

"ಇಲಿ ಕಚ್ಚಿದೆ," ಎಂದಿದ್ದಳು ಅತ್ತಿಗೆ.

"ಇಲಿ ಇಷ್ಟು ಸಾಲಾಗಿ ಕಚ್ಚಲ್ಲ. ನಿನ್ನ ಬೆರಳು ಇಟ್ಟು ನೋಡು."

ಇಟ್ಟಳು. ನಾಲ್ಕು ಬೆರಳೂ ತೂತಿಗೊಂದರಂತೆ ಸರಿಯಾಗಿ ಕೂತವು. ಅವಳು ಬೆಂಕಿ ಮುಟ್ಟಿದವಳಂತೆ ಕೈ ಎಳೆದುಕೊಂಡಳು.

"ಕಾರು ಕುಲುಕಿದಾಗಲೆಲ್ಲ ನೋವು ತಡೀಲಾರದೆ ಹಿಡ್ಕೊಂಡಿದ್ದಾಳೆ," ಎಂದ ಸೀಟಣ್ಣ. "ಆಕಡೆ ಗಂಡನ ಜೊತೆ ನಗ್ತಾ, ಈಕಡೆ ಕೈಯಲ್ಲಿ ಇದನ್ನ." ಆಮೇಲೆ ಆ ಜಾಗಕ್ಕೆ ಎರಡು ಪದರ ಮೆತ್ತನೆಯ ಬಟ್ಟೆ ಇಟ್ಟು, ಮೇಲೆ ಕಾರಿನ ಬಣ್ಣದ್ದೇ ಹೊಸ ಹಸಿರು ರೆಕ್ಸಿನ್ ಹೊಲಿದ. ಉಗುರು ಮುರಿಯದಿರಲಿ ಎಂದು.

*

"ನನಗೆ ಹೇಳಬಹುದಿತ್ತಲ್ಲ ಅತ್ತಿಗೆ," ಎಂದ ಬೇಕರಿಯವನು. ಅವನ ದನಿ ಏರಿತ್ತು. "ಎರಡು ತಿಂಗಳು. ಬಟ್ಟೆ ಇಟ್ಟು ಹೊಲಿಯೋ ಬದಲು ಒಂದು ಮಾತು."

"ಹೇಳಬೇಕಿತ್ತು. ತಪ್ಪೇ." ಅತ್ತಿಗೆ ತಲೆ ತಗ್ಗಿಸಲಿಲ್ಲ. "ಭಾನುವಾರ ಹೇಳೇ ಬರ್ತೀನಿ ಅಂತ ಹೋದ್ರು. ಬಂದು ಊಟ ಮಾಡ್ಲಿಲ್ಲ. ಇವತ್ತು ನಾನೂ ಹೇಳದೇ ಇದ್ರೆ, ನಾಳೆ ನನಗೆ ನಿಮ್ಮನೆ ಬಾಗಿಲಿಗೆ ಬರೋ ಮುಖ ಇರಲ್ಲ. ಹೊಸ ಸೀಟು ಹಾಕಿ ಎರಡು ತಿಂಗಳಾಯ್ತಲ್ಲ, ಹೋಗಿ ಕೈಯಾಡಿಸಿ ನೋಡಿ. ಗುರುತು ಇಲ್ಲ ಅಂದ್ರೆ, ನಮಗಿಬ್ಬರಿಗೂ ಹುಚ್ಚು ಅಂದ್ಕೊಂಡುಬಿಡಿ."

ಅವನು ಹೋದ. ಕಾರುಗಳ ಸಾಲಿನಲ್ಲಿ ಯಾರೋ ಮಗುವನ್ನು ಬಂಪರಿನ ಮೇಲೆ ಕೂರಿಸಿ ಫೋಟೋ ತೆಗೆಯುತ್ತಿದ್ದರು. ಹಸಿರು ಕಾರಿನ ಬಾಗಿಲು ತೆಗೆದು, ಕೆಳಗೆ ಬಿದ್ದದ್ದು ಹುಡುಕುವವನಂತೆ ಬಗ್ಗಿ, ಸೀಟಿನ ಅಂಚಿನ ಅಡಿಗೆ ಕೈ ಹಾಕಿದ. ಅವನ ಬೆರಳು ದಪ್ಪ, ಹಿಟ್ಟು ನಾದಿ ನಾದಿ ಒರಟಾದವು. ಅವಕ್ಕೂ ತೂತು ಸಿಕ್ಕಿತು. ಒಂದು, ಎರಡು, ಮೂರು. ನಾಲ್ಕನೆಯದು ಇನ್ನೂ ಪೂರ್ತಿ ತೂತಾಗಿರಲಿಲ್ಲ.

ಒಳಗಿನಿಂದ ಸೀಟಣ್ಣನ ಸರದಿ ಕೂಗಿದರು.

ಎಲ್ಲ ಹತ್ತು ನಿಮಿಷದಲ್ಲಿ ಮುಗಿಯಿತು. ಕಬ್ಬಿಣದ ಬಾಗಿಲು ಮುಚ್ಚಿಕೊಂಡಾಗ ಅತ್ತಿಗೆ ಬೇಕರಿಯವನ ಹೆಂಡತಿಯ ಹೆಗಲಿಗೆ ಮುಖವಿಟ್ಟು ಅತ್ತಳು. ಆಕೆ ಅತ್ತಿಗೆಯ ಬೆನ್ನು ಸವರುತ್ತ, "ಅಳಬೇಡಿ, ನಾವೆಲ್ಲ ಇದ್ದೀವಲ್ಲ," ಎನ್ನುತ್ತಿದ್ದಳು. ಬೇಕರಿಯವನಿಗೆ ಅದನ್ನು ನೋಡಲಾಗಲಿಲ್ಲ.

ಹೊರಡುವಾಗ ಅವಳು ಎಂದಿನಂತೆ ಪಕ್ಕದಲ್ಲಿ ಕೂತು ಮಾತು ಶುರುಮಾಡಿದಳು. ಕಾರ್ಯದರ್ಶಿ ಹೆದರಿಕೊಂಡು ದೂರ ದೂರ ನಿಂತದ್ದು, ಯಾರೋ ಎಣ್ಣೆಯ ಕೈಯಲ್ಲೇ ಕಣ್ಣು ಒರೆಸಿಕೊಂಡು ಮುಖ ಕಪ್ಪು ಮಾಡಿಕೊಂಡದ್ದು. ಒಂದು ಕೈ ಅವನ ತೋಳಿನ ಮೇಲಿತ್ತು. ಬಾಗಿಲ ಕಡೆಯ ಕೈ ಅವನಿಗೆ ಕಾಣಿಸುತ್ತಿರಲಿಲ್ಲ. ಇಷ್ಟು ವರ್ಷ ಅದು ಎಲ್ಲಿರುತ್ತದೆ ಎಂದು ಅವನು ಯೋಚಿಸಿಯೇ ಇರಲಿಲ್ಲ. ರಸ್ತೆ ಉಬ್ಬಿನ ಮುಂದೆ ಕಾರನ್ನು ಪೂರ್ತಿ ನಿಲ್ಲಿಸಿ, ಕೂಸನ್ನು ಇಳಿಸುವಂತೆ ದಾಟಿಸಿದ. ಆದರೂ ಅವಳ ಮಾತಿನ ನಡುವೆ, ಸೀಟಿನ ಅಡಿಯಿಂದ, ರೆಕ್ಸಿನ್ ಕೀರಿದ ಸಣ್ಣ ಸದ್ದು ಬಂತು. ಅವಳ ನಗು ತುಂಡಾಗಲಿಲ್ಲ.

ಮನೆಯ ತಿರುವು ಬಂತು. ಅವನು ತಿರುಗಿಸಲಿಲ್ಲ.

"ರೀ, ಎಲ್ಲಿಗೆ ಹೊರಟ್ರಿ? ಮನೆ ಈ ಕಡೆ."

"ಆಸ್ಪತ್ರೆಗೆ."

ಯಾರಿಗೆ ಏನಾಗಿದೆ ಎಂದು ಅವಳು ಕೇಳಲಿಲ್ಲ. ಸ್ವಲ್ಪ ದೂರ ಹೋದ ಮೇಲೆ ಆ ಕೈಯನ್ನು ಸೀಟಿನ ಅಡಿಯಿಂದ ನಿಧಾನವಾಗಿ ಹೊರಗೆ ತೆಗೆದು ಮಡಿಲಲ್ಲಿ ಇಟ್ಟುಕೊಂಡಳು. ನಾಲ್ಕೂ ಉಗುರುಗಳ ಸಂದಿಯಲ್ಲಿ ಹಸಿರು ಪುಡಿ ತುಂಬಿತ್ತು.