ಅರವತ್ತಮೂರನೆಯ ಅಂಗಡಿಯ ಕರಟ

ಪಾಸಿರ್ ಗೆಲಾಂ ಪೇಟೆಯ ಸಂತೆಕಟ್ಟೆಯಲ್ಲಿ ಎಣ್ಣೆ, ಸೀಮೆಎಣ್ಣೆ, ಸೋಯಾ ರಸ, ಮೀನಿನ ಬುಡು ಎಂದು ಏನಾದರೂ ಅಳೆದು ಹೊಯ್ಯುವ ಅಂಗಡಿಗಳು ಅರವತ್ತಮೂರು. ಅವುಗಳಲ್ಲಿ ಅರವತ್ತೆರಡು ಲೀಟರಿಗೆ ಬಂದಾಗಿತ್ತು. ಉಳಿದ ಒಂದು ಅಂಗಡಿ ನಿಕ್ ಜುಸೋನ ಊಟ ನಿದ್ದೆ ಎರಡನ್ನೂ ಕೆಡಿಸಿತ್ತು.

ಜುಸೊ ಅಳತೆ ಇಲಾಖೆಯ ಕಿರಿಯ ಇನ್‌ಸ್ಪೆಕ್ಟರ್. ಮೂರು ವರ್ಷದಿಂದ ತಾತ್ಕಾಲಿಕ. ಸಂತೆ ಪೂರ್ತಿ ಲೀಟರಿಗೆ ಬಂದಿದೆ ಎಂಬ ಪಟ್ಟಿ ಅವನ ಸಹಿಯೊಂದಿಗೆ ಈ ತಿಂಗಳ ಮೂವತ್ತರೊಳಗೆ ಕೋಟ ಬಾರುವಿನ ಕಚೇರಿಗೆ ತಲುಪಿದರೆ ಕೆಲಸ ಕಾಯಂ. ತಲುಪದಿದ್ದರೆ ಅಪ್ಪನ ಮೀನು ಬಲೆ ಇನ್ನೂ ಅಟ್ಟದ ಮೇಲೆಯೇ ಇತ್ತು. ಬೇರೆ ಊರಿನ ಇನ್‌ಸ್ಪೆಕ್ಟರುಗಳಾಗಿದ್ದರೆ ಅರವತ್ತಮೂರು ಎಂದು ಬರೆದು ಕಾಫಿ ಕುಡಿಯಲು ಹೋಗುತ್ತಿದ್ದರು. ಜುಸೋಗೆ ಅದು ಬರುತ್ತಿರಲಿಲ್ಲ. ಅಂಗಡಿಯವನು ಕೊಟ್ಟ ಚಿಲ್ಲರೆಯಲ್ಲಿ ಹತ್ತು ಸೆನ್ ಹೆಚ್ಚಿದ್ದರೆ ವಾಪಸು ಕೊಡಲು ಎರಡು ಮೈಲಿ ಸೈಕಲ್ ತುಳಿಯುವವನು ಅವನು. ಕೊಟ್ಟು ಬಂದ ಮೇಲೆ, ತಾನೇ ತಪ್ಪು ಎಣಿಸಿದೆನೇನೋ ಎಂದು ಇನ್ನೆರಡು ದಿನ ಕೊರಗುತ್ತಿದ್ದ.

ಅಳತೆಯ ಚರಿತ್ರೆಯನ್ನು ಅವನು ಸಂಜೆ ಶಾಲೆಯಲ್ಲಿ ಕಲಿತಿದ್ದ. ಬಿಳಿಯರು ಬರುವ ಮೊದಲು ಒಂದೊಂದು ಹೊಳೆಗೂ ಒಂದೊಂದು ಗಾಂತಾಂಗ್ ಅಳತೆ ಇತ್ತಂತೆ. ಮೇಲಿನ ಊರಿನಲ್ಲಿ ಒಂದು ಗಾಂತಾಂಗ್ ಎಣ್ಣೆಯನ್ನು ದೋಣಿಗೆ ಹಾಕಿಕೊಂಡು ಹೊರಟವನು ಕೆಳಗಿನ ಊರಿಗೆ ಬರುವಷ್ಟರಲ್ಲಿ ಅದು ಒಂದೂಕಾಲು ಗಾಂತಾಂಗ್ ಆಗಿರುತ್ತಿತ್ತು. ಇನ್ನೊಂದು ಹೊಳೆಗೆ ಹೋದರೆ ಮುಕ್ಕಾಲು. ಆಮೇಲೆ ಬಿಳಿಯರು ಒಂದು ಕಾಗದದಲ್ಲಿ ಗಾಂತಾಂಗ್ ಎಂದರೆ ನಮ್ಮ ಗ್ಯಾಲನ್ ಎಂದು ಬರೆದರು. ಬರೆದ ದಿನದಿಂದ ಗಾಂತಾಂಗ್ ಹಿಂದೆಯೂ ಯಾವಾಗಲೂ ಗ್ಯಾಲನ್ನೇ ಆಗಿತ್ತು. ಅದರ ಕಾಲು ಭಾಗ ಕುಪಾಕ್. ಈಗ ನಮ್ಮದೇ ಸರ್ಕಾರ ಇನ್ನೊಂದು ಕಾಗದ ಬರೆದಿತ್ತು. ಅದರ ಪ್ರಕಾರ ಒಂದು ಕುಪಾಕ್ ಎಂದರೆ ಒಂದು ಲೀಟರ್, ಅದರ ಮೇಲೆ ನೂರ ಮೂವತ್ತಾರು ಮಿಲಿ.

ಆ ನೂರ ಮೂವತ್ತಾರು ಮಿಲಿ ಎಲ್ಲಿಗೆ ಹೋಯಿತು ಎಂದು ಯಾರೂ ಕೇಳಲಿಲ್ಲ. ಅರವತ್ತೆರಡು ಅಂಗಡಿಯವರು ಕುಪಾಕ್ ಕೆಳಗಿಟ್ಟು ಲೀಟರ್ ಡಬ್ಬಿ ಕೈಗೆತ್ತಿಕೊಂಡರು. ಬೆಲೆ ಮಾತ್ರ ಇದ್ದಲ್ಲೇ ಇತ್ತು. ಗಿರಾಕಿಗಳು ಕೊಸರು ಕೇಳಿದರೆ ಡಬ್ಬಿಯ ಮೇಲಿನ ಸರ್ಕಾರಿ ಮುದ್ರೆ ತೋರಿಸುತ್ತಿದ್ದರು. ಲೀಟರ್ ಬಹಳ ಸುಲಭ ಎಂದು ಇಲಾಖೆಯ ಭಿತ್ತಿಪತ್ರ ಹೇಳುತ್ತಿತ್ತು. ಅವರಿಗೂ ಹಾಗೇ ಅನ್ನಿಸಿತು. ಜುಸೊ ಇದರ ಬಗ್ಗೆ ಕೋಟ ಬಾರುವಿಗೆ ಎರಡು ಪುಟದ ಪತ್ರ ಬರೆದ. ಬೆಲೆ ನಮ್ಮ ಇಲಾಖೆಗೆ ಸೇರಿದ್ದಲ್ಲ ಎಂದು ಒಂದು ಸಾಲಿನ ಉತ್ತರ ಬಂತು.

ಅರವತ್ತಮೂರನೆಯ ಅಂಗಡಿ ಮೆಕ್ ಸೊಂಗ್ ಎಂಬ ಮುದುಕಿಯದು. ಸಣ್ಣ ಮೀನನ್ನು ಉಪ್ಪಿನಲ್ಲಿ ಹಾಕಿ ತಿಂಗಳುಗಟ್ಟಲೆ ಬಿಟ್ಟು ಇಳಿಸಿದ ಕಪ್ಪು ಬುಡುವನ್ನು ಅವಳು ಅಜ್ಜಿಯ ಕಾಲದ ತೆಂಗಿನ ಕರಟದಲ್ಲಿ ಅಳೆದು ಮಾರುತ್ತಿದ್ದಳು. ಅಂಚಿಗೆ ಬೆತ್ತದ ಬಳೆ ಸುತ್ತಿದ ದೊಡ್ಡ ಕರಟ, ಅದೇ ಅವಳ ಕುಪಾಕ್. ಅದರಲ್ಲಿ ಒಂದು ಸಲ ತುಂಬಿಸಿ ಹೊಯ್ದು, ಆಮೇಲೆ ಮುಷ್ಟಿಯಷ್ಟಿದ್ದ ಇನ್ನೊಂದು ಚಿಕ್ಕ ಚಿಪ್ಪಿನಲ್ಲಿ ಕೊಸರು ಹಾಕುತ್ತಿದ್ದಳು.

"ಬಾ ಅವೆ, ಕೂತ್ಕೋ," ಎಂದಳು ಮೆಕ್ ಸೊಂಗ್. ಆ ಕಡೆಯ ಹೆಂಗಸರಿಗೆ ಮಗನ ವಯಸ್ಸಿನವರೆಲ್ಲ ಅವೆ. "ಮುಖ ಯಾಕೆ ಒಣಮೀನಾಗಿದೆ? ನಿಮ್ಮಮ್ಮ ಅನ್ನ ಹಾಕಲ್ವಾ?"

"ಮಕ್ ಚಿಕ್, ಇವತ್ತು ಹದಿನೇಳು. ಮೂವತ್ತಕ್ಕೆ ಪಟ್ಟಿ ಕಳಿಸ್ಬೇಕು." ಅವನಿಗೆ ತಾಯಿಯ ವಯಸ್ಸಿನವರೆಲ್ಲ ಮಕ್ ಚಿಕ್.

"ಕಳಿಸು. ನಾನೇನು ಕೈ ಹಿಡ್ಕೊಂಡಿದೀನಾ?"

"ನಿಮ್ಮ ಕರಟ ಇದೆಯಲ್ಲ..."

"ಇದೆ. ನನ್ನಜ್ಜಿ ಕಾಲದಿಂದ ಇದೆ. ನಿನ್ನ ಲೀಟರ್ ಮೊನ್ನೆ ಹುಟ್ಟಿದ ಕೂಸು. ಅದು ಬಂದು ಇದನ್ನ ಏಳು ಅಂದ್ರೆ ಇದು ಏಳ್ಬೇಕಾ?"

ಪಕ್ಕದ ಎಣ್ಣೆ ಅಂಗಡಿಯ ಮೆಕ್ ನಾ ಬಾಯಲ್ಲಿದ್ದ ಎಲೆಯಡಿಕೆಯನ್ನು ಒಂದು ಕೆನ್ನೆಗೆ ಸರಿಸಿದಳು. "ಕೊಟ್ಬಿಡು ಅಕ್ಕ. ಒಂದು ಕರಟದಿಂದ ಹುಡುಗನ ಕೆಲಸ ಹೋದ್ರೆ ಹೆಣ್ಣು ಯಾರು ಕೊಡ್ತಾರೆ?"

"ಈಗ ಯಾರು ಕೊಡ್ತಿದಾರೆ?" ಎಂದಳು ಮೆಕ್ ಸೊಂಗ್.

ಕೊನೆಗೆ ಜುಸೊ, ಕರಟ ಎಷ್ಟು ಹಿಡಿಯುತ್ತದೆಂದು ಅಳೆದು ಒಂದು ಗಂಟೆಯೊಳಗೆ ವಾಪಸು ಕೊಡುತ್ತೇನೆಂದು ಬೇಡಿಕೊಂಡ. ವಶಪಡಿಸಿಕೊಳ್ಳುವುದಾದರೂ ಸರಿಯಾದ ಅಂಕಿ ಬರೆದು ವಶಪಡಿಸಿಕೊಳ್ಳಬೇಕೆಂದು ಅವನ ಆಸೆ. ಅವಳು ಕೊಟ್ಟಳು. ಆ ಒಂದು ಗಂಟೆ ವ್ಯಾಪಾರ ನಿಲ್ಲಿಸಿ ಕೂತಳು. ಬೇರೆ ಅಳತೆ ಮುಟ್ಟಲಿಲ್ಲ.

ಸಂತೆಯ ಹಿಂದಿನ ತನ್ನ ಕೋಣೆಯಲ್ಲಿ ಜುಸೊ ಕರಟವನ್ನು ಮೂರು ಸಲ ತೊಳೆದ. ವಾಸನೆ ಹೋಗಲಿಲ್ಲ. ಇಲಾಖೆಯ ಹಿತ್ತಾಳೆಯ ಲೀಟರ್ ಪಾತ್ರೆಗೆ ನೀರು ತುಂಬಿ, ಕಣ್ಣನ್ನು ನೀರಿನ ಮಟ್ಟಕ್ಕೆ ತಗ್ಗಿಸಿ ನೋಡಿ, ಕರಟಕ್ಕೆ ಹೊಯ್ದ. ಹಿತ್ತಾಳೆ ಪಾತ್ರೆ ಬರಿದಾಗುವುದಕ್ಕೂ ಕರಟದ ಅಂಚಿಗೆ ನೀರು ಬಂದು ನಿಲ್ಲುವುದಕ್ಕೂ ಸರಿಹೋಯಿತು. ಒಂದು ತೊಟ್ಟು ಉಳಿಯಲಿಲ್ಲ, ಒಂದು ತೊಟ್ಟು ಚೆಲ್ಲಲಿಲ್ಲ. ಅವನಿಗೆ ಮೊದಲು ತನ್ನ ಮೇಲೆ ಅನುಮಾನ ಬಂತು, ಆಮೇಲೆ ಹಿತ್ತಾಳೆಯ ಮೇಲೆ, ಆಮೇಲೆ ಆ ದಿನದ ಬಿಸಿಲಿನ ಮೇಲೆ. ನಾಲ್ಕು ಸಲ ಅಳೆದ. ನಾಲ್ಕು ಸಲವೂ ಒಂದು ಲೀಟರ್.

ಅರವತ್ತಮೂರನೆಯ ಅಂಗಡಿ ಎಲ್ಲರಿಗಿಂತ ಮೊದಲೇ, ಸರ್ಕಾರಕ್ಕಿಂತಲೂ ಮೊದಲೇ ಲೀಟರಿಗೆ ಬಂದಿತ್ತು. ವಿಶೇಷ ಅನುಮತಿ ಬರೆಸಿಕೊಂಡು ಬೆತ್ತದ ಬಳೆಯ ಜಾಗದಲ್ಲಿ ಮುದ್ರೆಯ ತಗಡು ಸುತ್ತಿದರೆ ಕರಟವೂ ಉಳಿಯಿತು, ಪಟ್ಟಿಯೂ ಮುಗಿಯಿತು. ಈ ಕೆಲಸಕ್ಕೆ ಸೇರಿದ ಮೇಲೆ ಅವನು ಯಾರಿಗೂ ಒಂದು ಒಳ್ಳೆಯ ಸುದ್ದಿ ಹೇಳಿರಲಿಲ್ಲ. ಕರಟವನ್ನು ಎರಡು ಕೈಯಲ್ಲಿ ಹಿಡಿದು ಸಂತೆಯ ನಡುವೆ ಹೆಚ್ಚು ಕಡಿಮೆ ಓಡಿಯೇ ಬಂದ.

"ಮಕ್ ಚಿಕ್, ನಿಮ್ಮ ಕರಟ ಸರಿಯಾಗಿ ಒಂದು ಲೀಟರ್. ತೊಟ್ಟು ಹೆಚ್ಚಿಲ್ಲ, ತೊಟ್ಟು ಕಮ್ಮಿ ಇಲ್ಲ. ಮುದ್ರೆ ಹಾಕಿಸಿ ಕೊಡ್ತೀನಿ. ನಿಮ್ಮ ಹತ್ರಾನೇ ಇರುತ್ತೆ."

ಮೆಕ್ ಸೊಂಗ್ ಕೈ ಒರೆಸಿಕೊಂಡಳು. "ಕುಪಾಕ್ ಅಂದ್ರೆ ಎಷ್ಟು ಲೀಟರ್, ಅವೆ?"

ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಅವನು ಹೇಳುವ ಉತ್ತರ ಅದು. "ಒಂದು ಪಾಯಿಂಟ್ ಒಂದು ಮೂರು ಆರು," ಎಂದುಬಿಟ್ಟ. ಏನು ಹೇಳಿದೆನೆಂದು ಹೇಳಿದ ಮೇಲೆ ಗೊತ್ತಾಯಿತು.

ಮೆಕ್ ನಾಗೆ ಅವನು ನಾಲ್ಕು ತಿಂಗಳು ಲೀಟರ್ ಲೆಕ್ಕ ಹೇಳಿಕೊಟ್ಟಿದ್ದ. ತನ್ನ ಮಂಡೆಗೆ ಹತ್ತುವುದಿಲ್ಲ ಎಂದು ಅವಳು ಪ್ರತಿ ಸಲವೂ ನಕ್ಕು ಕಳಿಸಿದ್ದಳು. ಈಗ ಅವಳಿಗೆ ಎಲೆಯಡಿಕೆ ಉಗುಳುವಷ್ಟೇ ಹೊತ್ತು ಸಾಕಾಯಿತು. "ಅಂದ್ರೆ ಎಂಟು ಕುಪಾಕಿಗೆ ಹತ್ತಿರ ಹತ್ತಿರ ಒಂದು ಕುಪಾಕ್ ಕಮ್ಮಿ."

ಎದುರು ಸಾಲಿನ ಸೊಪ್ಪಿನವರೂ ತಿರುಗಿ ನೋಡಿದರು. ಮೆಕ್ ಸೊಂಗ್ ದನಿ ಏರಿಸಲಿಲ್ಲ. ಏರಿಸಿದ್ದರೆ ಜುಸೋಗೆ ಸಮಾಧಾನವಾಗುತ್ತಿತ್ತು.

"ನನ್ನಜ್ಜಿ ಮೆಕ್ಕಾಗೆ ಹೋಗಿ ಬಂದವಳು. ಅವಳು ಅಳತೇಲಿ ಕದೀತಿದ್ಲು ಅಂತ ಸರ್ಕಾರ ಬರ್ಕೊಳ್ತದಾ?"

"ಇಲ್ಲ ಮಕ್ ಚಿಕ್, ತಡೀರಿ. ನೀವು ಕೊಸರು ಹಾಕ್ತೀರಲ್ಲ. ಅದನ್ನೂ ಅಳೆಯೋಣ."

ಅವಳು ಚಿಕ್ಕ ಚಿಪ್ಪಿನಲ್ಲಿ, ದಿನವೂ ಗಿರಾಕಿಗೆ ಹಾಕುವ ಹಾಗೆಯೇ, ಮೂರು ಸಲ ಹಾಕಿದಳು. ಜುಸೊ ಗಾಜಿನ ಕೊಳವೆ ಹಿಡಿದು ಓದಿದ. ನೂರ ನಲವತ್ತು, ನೂರ ಮೂವತ್ತೊಂದು, ನೂರ ಮೂವತ್ತೇಳು. ಕೂಡಿಸಿ ಮೂರರಿಂದ ಭಾಗಿಸಿದ. ಕಣ್ಣು ತೇವವಾಯಿತು. ನೂರ ಮೂವತ್ತಾರು.

"ನೋಡಿ ಮಕ್ ಚಿಕ್, ಕರಟ ಮತ್ತೆ ಕೊಸರು ಸೇರಿದ್ರೆ ಸರಿಯಾಗಿ ಒಂದು ಕುಪಾಕ್. ಇಷ್ಟು ವರ್ಷದಲ್ಲಿ ಯಾರಿಗೂ ಒಂದು ತೊಟ್ಟು ಮೋಸ ಆಗಿಲ್ಲ."

"ಹಾಗಾದ್ರೆ ಕೊಸರು ಎಲ್ಲಿ?"

"ಇದೇ ಅಲ್ವಾ ಕೊಸರು?"

"ಇದನ್ನ ನೀನು ಕುಪಾಕಿಗೆ ಸೇರಿಸ್ಬಿಟ್ಯಲ್ಲ. ಅಂದ್ರೆ ಅಜ್ಜಿ, ಅಮ್ಮ, ನಾನು ಮೂರು ಜನಾನೂ ಇಲ್ಲೀವರೆಗೆ ಕೊಸರೇ ಹಾಕಿಲ್ಲ ಅಂತಾಯ್ತು. ನನ್ನಮ್ಮನ್ನ ತುಂಪಾತ್ ಊರಿನ ತನಕ ಕೊಸರುಗೈ ಅಂತ ಕರೀತಿದ್ರು, ಅವೆ."

"ಮೊದಲು ಕಳ್ಳಿ ಅಂದೆ, ಈಗ ಜಿಪುಣಿ ಅಂತೀಯ," ಎಂದಳು ಮೆಕ್ ನಾ. "ಇನ್ನೇನಾದ್ರೂ ಅಳೆಯೋದು ಬಾಕಿ ಇದ್ಯಾ?"

ಎರಡು ದಿನ ಸಂತೆಗೆ ಬೇರೆ ಮಾತಿರಲಿಲ್ಲ. ಮೀನು ಕೊಯ್ಯುವಲ್ಲಿ, ಅನ್ನದ ಅಂಗಡಿಯ ಬೆಂಚಿನಲ್ಲಿ ಎಲ್ಲ ಕಡೆ ಎಂಟಕ್ಕೊಂದು ಎಂಬ ಪಿಸುಮಾತು. ಹದಿನೈದು ವರ್ಷದಿಂದ ಬುಡು ಒಯ್ಯುತ್ತಿದ್ದ ಹೆಂಗಸೊಬ್ಬಳು ಮನೆಯಿಂದ ಗೆರೆ ಹಾಕಿದ ಸೀಸೆ ತಂದು ಮೆಕ್ ಸೊಂಗಳ ಮುಂದೆ ಹಿಡಿದಳು. ಮೆಕ್ ಸೊಂಗ್ ಅದಕ್ಕೂ ಹೊಯ್ದು, ಕೊಸರು ಹಾಕಿದಳು. ಆದರೆ ಆ ಹೆಂಗಸು ಹೋದ ಮೇಲೆ ಬುಡುವಿನ ಮಡಕೆಗೆ ಮುಚ್ಚಳ ಹಾಕಿ ಮನೆಗೆ ನಡೆದಳು. ಅದಕ್ಕೂ ಮೊದಲು ಅವಳನ್ನು ಮಟಮಟ ಮಧ್ಯಾಹ್ನ ಮನೆಯ ದಾರಿಯಲ್ಲಿ ಯಾರೂ ಕಂಡಿರಲಿಲ್ಲ. ಜುಸೊ ತನ್ನ ಕೋಣೆಯಲ್ಲಿ ಕೂತು, ಸುಮ್ಮನೆ ಅಳೆಯದೆಯೇ ವಶಪಡಿಸಿಕೊಂಡಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಯೋಚಿಸಿದ. ಕೆಲಸವನ್ನು ಸರಿಯಾಗಿ ಮಾಡಿದ್ದೇ ಕೇಡಾಯಿತು ಎಂದು ಅವನಿಗೆ ಅನ್ನಿಸಿದ್ದು ಅದೇ ಮೊದಲು. ಹಾಗೆ ಅನ್ನಿಸಿದ್ದು ಸರಿಯೇ ಎಂದೂ ಚಿಂತೆಯಾಯಿತು.

ಮೂರನೆಯ ದಿನ ಬೆಳಗ್ಗೆ ಮೆಕ್ ಸೊಂಗ್ ಅವನ ಕೋಣೆಗೆ ಬಂದಳು. ಬಾಳೆಲೆಯಲ್ಲಿ ಸುತ್ತಿದ ಕರಟವನ್ನು ಮೇಜಿನ ಮೇಲಿಟ್ಟಳು.

"ಬರ್ಕೋ. ಕುಪಾಕ್. ಹಳೇ ಅಳತೆ, ಕಾನೂನಿಗೆ ವಿರುದ್ಧ. ತಗೊಂಡು ಒಡೆದುಹಾಕು."

"ಲೀಟರ್ ಅಂತ ಬರೆದ್ರೆ ಇದು ನಿಮಗೇ ಉಳಿಯುತ್ತೆ, ಮಕ್ ಚಿಕ್."

"ಉಳಿದು ಏನು ಮಾಡ್ತದೆ? ದಿನಾ ನನ್ನ ಮುಂದೆ ಕೂತು ಅಜ್ಜಿನ ಬಯ್ತಾ ಇರ್ತದೆ. ಇದು ಕುಪಾಕ್ ಆಗಿ ಸಾಯ್ಲಿ. ಲೀಟರ್ ಆಗಿ ಬದುಕೋದು ಬೇಡ."

ಜುಸೊ ಜಪ್ತಿಯ ಪುಸ್ತಕ ತೆಗೆದ. ಒಂದು ಅಂಕಣದಲ್ಲಿ ವಸ್ತು, ಇನ್ನೊಂದರಲ್ಲಿ ಅದು ಎಷ್ಟು ಲೀಟರ್ ಹಿಡಿಯುತ್ತದೆ ಎಂಬುದು. ಒಂದು ಎಂದು ಬರೆದರೆ ವಶಪಡಿಸಿಕೊಳ್ಳಲು ಕಾರಣವೇ ಇಲ್ಲ, ಮುದುಕಿಯ ಮನೆತನಕ್ಕೆ ಮಾತ್ರ ಸರ್ಕಾರಿ ಶಾಯಿಯಲ್ಲಿ ಮಸಿ. ಇನ್ನೊಂದು ಅಂಕಿ ಬರೆದರೆ ಅದು ಸುಳ್ಳು. ಕಣ್ಣು ನೀರಿನ ಮಟ್ಟಕ್ಕೆ ಬಾರದೆ ಅಂಕಿ ಬರೆಯಬೇಡಿ ಎಂಬುದು ಸಂಜೆ ಶಾಲೆಯ ಮೊದಲನೆಯ ಪಾಠ. ಅವನು ಪೆನ್ನಿನ ಮುಚ್ಚಳ ತೆಗೆದ, ಹಾಕಿದ, ಮತ್ತೆ ತೆಗೆದ. ಮೆಕ್ ಸೊಂಗ್ ನಿಂತೇ ಇದ್ದಳು.

1.136 ಎಂದು ಬರೆದ. ಆ ಪುಟದಲ್ಲೇ ಅಷ್ಟು ದುಂಡಗಿನ ಅಕ್ಷರ ಬೇರೆ ಇರಲಿಲ್ಲ.

ಓದು ಬಾರದಿದ್ದರೂ ಅವಳಿಗೆ ಅಂಕಿ ಬರುತ್ತಿತ್ತು. ಬೆರಳಿಟ್ಟು ನೋಡಿದಳು. "ಮೂರು, ಆರು. ಸರಿ." ನಕಲು ರಸೀತಿ ಪಡೆದುಕೊಂಡು ಹೋಗಿ ಬುಡುವಿನ ಮಡಕೆಯ ಮೇಲೆ ಮೊಳೆಗೆ ಚುಚ್ಚಿದಳು. ಸಂಜೆಯೊಳಗೆ ಇಡೀ ಸಂತೆ ಬಂದು ಆ ರಸೀತಿ ನೋಡಿತು. ಸರ್ಕಾರವೇ ಅಳೆದು ಬರೆದುಕೊಟ್ಟ ಪೂರ್ತಿ ಕುಪಾಕ್ ಬೇರೆ ಯಾರ ಬಳಿಯೂ ಇರಲಿಲ್ಲ. ಎಂಟಕ್ಕೊಂದು ಎಂದವಳೇ ಲೆಕ್ಕದಲ್ಲಿ ಹಿಂದೆ ಎಂದಾಯಿತು. ಅದನ್ನು ಮೆಕ್ ನಾ ಕೂಡ ಒಪ್ಪಿಕೊಂಡಳು, ಯಾಕೆಂದರೆ ಅದರ ಮರುದಿನದಿಂದ ಅವಳ ಗಿರಾಕಿಗಳು ಅವಳ ಹಳೆಯ ಕುಪಾಕ್ ಪೂರ್ತಿ ಹಿಡಿಯುತ್ತಿತ್ತೇ ಎಂದು ಕೇಳತೊಡಗಿದ್ದರು.

ಮೆಕ್ ಸೊಂಗ್ ಮುದ್ರೆಯ ಲೀಟರ್ ಡಬ್ಬಿ ಕೊಂಡಳು. ಅದರಲ್ಲಿ ಒಂದು ಸಲ ಹೊಯ್ದು, ಹಳೆಯ ಚಿಕ್ಕ ಚಿಪ್ಪಿನಲ್ಲಿ ಕೊಸರು ಹಾಕಿ ಕೊಡುತ್ತಿದ್ದಳು.

"ನೀನು ಆ ಕರಟ ಕಿತ್ಕೊಂಡ ಮೇಲೆ ಬುಡು ಕಮ್ಮಿ ಬರ್ತಿದೆ, ಅವೆ," ಎಂದಳು ಒಂದು ರಾತ್ರಿ ಮನೆಯಲ್ಲಿ ಜುಸೋನ ತಾಯಿ, ಸೀಸೆಯನ್ನು ಬೆಳಕಿಗೆ ಹಿಡಿದು. "ಮೊದ್ಲು ಕತ್ತಿನ ತನಕ ಬರ್ತಿತ್ತು. ನಿನ್ನ ಲೀಟರಿಗೆ ಬರ್ಕತ್ತಿಲ್ಲ."

ಬುಡು ಈಗಲೂ ಸೀಸೆಯ ಕತ್ತಿನ ತನಕವೇ ಇತ್ತು. ಜುಸೊ ಅನ್ನ ಕಲಸಿಕೊಂಡ.

ಪಟ್ಟಿ ಇಪ್ಪತ್ತೊಂಬತ್ತಕ್ಕೇ ತಲುಪಿತು. ವಶಪಡಿಸಿಕೊಂಡ ಅಳತೆಗಳನ್ನು ಒಡೆದುಹಾಕುವ ಮೊದಲು ಒಮ್ಮೆ ನೋಡಲೆಂದು ಮೇಲಧಿಕಾರಿ ಎಂಚಿಕ್ ಖತಿಬ್ ಜುಸೋನನ್ನು ಕೋಟ ಬಾರುವಿಗೆ ಕರೆಸಿದ. ಪುಸ್ತಕ ತಿರುವುತ್ತ ಒಂದು ಕಡೆ ನಿಂತ.

"ಎಲ್ಲ ಊರಿಂದ ಸೇರಿ ಕರಟಗಳು ನಾನೂರ ಹನ್ನೊಂದು ಬಂದಿವೆಯಪ್ಪ. ನಾನೂರ ಹತ್ತೂ ಕಮ್ಮಿ. ನಿನ್ನದು ಒಂದೇ ಪೂರ್ತಿ, ಅದೂ ತೊಟ್ಟಿನ ಲೆಕ್ಕದಲ್ಲಿ. ಇದನ್ನ ಒಡೀಬಾರದು. ಮುಂದಿನವರು ಹಳಬರ ಪ್ರಾಮಾಣಿಕತೆ ನೋಡ್ಬೇಕು."

ಜುಸೊ ಪುಸ್ತಕದ ಕಡೆಗೆ ಬಾಗಿದ. "ಇನ್ನೊಂದ್ಸಲ ಅಳೆದು ನೋಡೋದು ಒಳ್ಳೇದೇನೋ, ಎಂಚಿಕ್."

"ನೀನು ಅಳೆದ ಮೇಲೆ ಯಾರು ಅಳೀಬೇಕು? ಒಂದನ್ನ ನಾಲ್ಕು ಸಲ ಅಳೆಯೋನು ನೀನು. ಅದು ನನಗೆ ಗೊತ್ತಿಲ್ವಾ?"

ನಾಲ್ಕು ಸಲ ಅಳೆದದ್ದಂತೂ ನಿಜವೇ ಆಗಿತ್ತು. ಕೆಲಸ ಕಾಯಂ ಆಯಿತು. ಆದೇಶದಲ್ಲಿ ಅಂಕಿ ಅಂಶಗಳ ನಿಖರತೆಯನ್ನು ಬೇರೆಯಾಗಿ ಮೆಚ್ಚಿ ಒಂದು ಸಾಲು ಇತ್ತು. ಕರಟ ಕಚೇರಿಯ ಹಜಾರದ ಗಾಜಿನ ಬೀರುವಿಗೆ ಹೋಯಿತು. ಮುಂದೆ ಬಿಳಿಯ ಚೀಟಿ: ಕುಪಾಕ್, 1.136 ಲೀಟರ್, ಪಾಸಿರ್ ಗೆಲಾಂ.

ಮರುವರ್ಷ ಹಬ್ಬದ ಬಟ್ಟೆ ಕೊಳ್ಳಲು ಬಂದ ಮೆಕ್ ಸೊಂಗ್, ಜುಸೋನ ತಾಯಿಯನ್ನೂ ಕರೆದುಕೊಂಡು ಆ ಹಜಾರಕ್ಕೆ ಬಂದಳು. ಅಷ್ಟರಲ್ಲಿ ಜುಸೋಗೆ ಅಲ್ಲಿಗೇ ವರ್ಗವಾಗಿತ್ತು. ದಿನಕ್ಕೆ ನಾಲ್ಕು ಸಲ ಆ ಬೀರುವಿನ ಮುಂದೆ ನಡೆಯಬೇಕಾಗಿತ್ತು, ನಾಲ್ಕು ಸಲವೂ ಆಚೆ ಗೋಡೆ ನೋಡುತ್ತಿದ್ದ. ಮುದುಕಿ ಗಾಜಿಗೆ ಮೂಗು ತಾಗುವಷ್ಟು ಹತ್ತಿರ ನಿಂತಳು. ಚೀಟಿಯ ಅಂಕಿಯನ್ನು ಗಾಜಿನ ಮೇಲಿಂದಲೇ ಬೆರಳಿಟ್ಟು ಓದಿದಳು.

"ಇಲ್ಲಿಟ್ಟ ಮೇಲೆ ಸಣ್ಣದಾಗಿ ಕಾಣ್ತದೆ," ಎಂದಳು.

"ಗಾಜಿನ ಒಳಗೆ ಹಾಗೇ ಕಾಣ್ಸೋದು, ಮಕ್ ಚಿಕ್."

ಅವಳು ತಿರುಗಿ ಅವನನ್ನು ಮೇಲಿಂದ ಕೆಳಗೆ ನೋಡಿದಳು. ತಾಯಿ ಆ ಕಡೆ ಇನ್ನೊಂದು ಬೀರುವಿನ ತಕ್ಕಡಿ ನೋಡುತ್ತಿದ್ದಳು. ಮೆಕ್ ಸೊಂಗ್ ಚೀಲದಿಂದ ಬುಡುವಿನ ಸೀಸೆ ತೆಗೆದು ಅವನ ಕೈಗಿಟ್ಟಳು.

"ಪರವಾಗಿಲ್ಲ ಅವೆ," ಎಂದಳು ಮೆಲ್ಲಗೆ. "ಕೊಸರು ಹಾಕೋದು ನೀನೂ ಕಲ್ತಿದೀಯ."