ಪುಟ ತಿರುಗಿಸುವವನ ಬೋ ಟೈ

ಪಿಯಾನೊ ನುಡಿಸುವವರ ಪಕ್ಕದಲ್ಲಿ ಕೂತು ಸ್ವರಪುಸ್ತಕದ ಹಾಳೆ ತಿರುಗಿಸುವುದು ಅವನ ಕೆಲಸ. ಅವರು ತಲೆಯಾಡಿಸಿದಾಗ ಎದ್ದು, ಹಾಳೆ ತಿರುಗಿಸಿ, ಸದ್ದಿಲ್ಲದೆ ಕೂರಬೇಕು. ಯಾರ ಕಣ್ಣಿಗೂ ಬೀಳಬಾರದು. ಈ ಕೆಲಸದಲ್ಲಿ ಹೆಸರು ಮಾಡುವುದೆಂದರೆ ಹೆಸರು ಕೆಡಿಸಿಕೊಂಡಂತೆಯೇ.

ಅವನ ಹೆಸರು ಕೆಟ್ಟಿದ್ದು ಬೋ ಟೈಯಿಂದ. ಮುಖ ಅಗಲ, ಕುತ್ತಿಗೆ ದಪ್ಪ, ಭುಜ ಬಾಗಿಲಿನಷ್ಟು. ಅಂಥ ಆಳು ಕಟ್ಟಿಕೊಂಡಿದ್ದು ಬೆರಳುದ್ದದ ಟೈ. ಕೋಟಿನ ಎದೆಯ ಮೇಲೆ ಮಡಚಿ ಕೂರುವ ಲ್ಯಾಪೆಲ್ ಪಟ್ಟಿಯೂ ರಿಬ್ಬನ್ನಿನಷ್ಟೇ. ಕಳೆದ ಕಛೇರಿಯಲ್ಲಿ ಅವನು ಎದ್ದಾಗಲೆಲ್ಲ ಮುಂದಿನ ಸಾಲು ಕಿಸಕ್ಕೆನ್ನುತ್ತಿತ್ತು.

"ಕುಂಬಳಕಾಯಿ ಮೇಲೆ ನೊಣ ಕೂತ ಹಾಗಿದೆ ರೀ ನಿಮ್ಮ ಟೈ," ಎಂದರು ಪಿಯಾನೊ ವಾದಕಿ, ಕಛೇರಿ ಮುಗಿದ ಮೇಲೆ. "ಬರೋ ಸಲಕ್ಕೆ ಬೇರೆ ಟೈ ತನ್ನಿ. ಇಲ್ಲಾಂದ್ರೆ ನಾನೇ ಬೇರೆ ಮುಖ ಹುಡುಕ್ತೀನಿ."

ಅವನು ಇದನ್ನು ಹೆಂಡತಿಗೆ ಹೇಳಿದ. ಸಾಲದ್ದಕ್ಕೆ ಅಕ್ಕನಿಗೂ ಫೋನು ಮಾಡಿ ಹೇಳಿದ. ಇಬ್ಬರೂ ಟೈ ಆರಿಸಲು ದರ್ಜಿಯ ಅಂಗಡಿಗೆ ಬರುತ್ತೇನೆಂದರು.

ಹೆಂಡತಿ ಕನ್ನಡಕದಂಗಡಿಯಲ್ಲಿ ಕೆಲಸಕ್ಕಿದ್ದಳು. ಅಕ್ಕನದು ಪರದೆ ಹೊಲಿಯುವ ಅಂಗಡಿ. ಇವರು ಮನೆ ಬದಲಾಯಿಸಿದಾಗ ಅಕ್ಕ ಉಡುಗೊರೆಯಾಗಿ ತಂದ ಪರದೆಗಳು ಗೇಣುದ್ದ ಮೋಟಾಗಿದ್ದವು. "ಕಿಟಕಿ ಚಡ್ಡಿ ಹಾಕ್ಕೊಂಡಿದೆ," ಎಂದಿದ್ದಳು ಹೆಂಡತಿ. ಅಕ್ಕ ಆಗ ಅಡುಗೆಮನೆಯಲ್ಲಿದ್ದಳು. ಕಿವಿ ಮಾತ್ರ ನಡುಮನೆಯಲ್ಲಿತ್ತು. ಅಂದಿನಿಂದ ಅತ್ತಿಗೆ-ನಾದಿನಿಯರ ಮಾತೆಲ್ಲ ಇವನ ಮೂಲಕವೇ. ಇವನು ನಿಷ್ಠೆಯಿಂದ ಸಾಗಿಸುತ್ತಿದ್ದ. ದಾರಿಯಲ್ಲಿ ಒಂದೆರಡು ಪದ ಬೀಳಿಸುತ್ತಿದ್ದ.

ದರ್ಜಿಯ ಅಂಗಡಿಯಲ್ಲಿ ಅಕ್ಕ ಇರುವುದರಲ್ಲೇ ದೊಡ್ಡ ಟೈ ಆರಿಸಿದಳು. "ಅಗಲ ಮುಖಕ್ಕೆ ಅಗಲ ಟೈ. ಇದರಲ್ಲೇನಿದೆ ಯೋಚನೆ?"

ಕಟ್ಟಿದರೆ ಅದು ಎರಡೂ ಕಡೆ ಮುಖ ದಾಟಿ ಹೋಯಿತು.

"ನಿಮ್ಮಕ್ಕನ್ನ ಕೇಳಿ," ಎಂದಳು ಹೆಂಡತಿ, "ಈ ಫ್ಯಾನಿನ ಸ್ವಿಚ್ ಎಲ್ಲಿದೆ ಅಂತ."

"ಸ್ವಲ್ಪ ದೊಡ್ಡದಾಯ್ತಂತೆ, ಅಕ್ಕ."

"ಅವಳು ಅಂದಿದ್ದು ನಂಗೂ ಕೇಳಿಸ್ತು ಕಣೋ."

ಹೆಂಡತಿ ಚೀಲದಿಂದ ಅಳತೆಪಟ್ಟಿ ತೆಗೆದು ಗಂಡನ ಒಂದು ಕಣ್ಣಿನ ಹೊರತುದಿಯಿಂದ ಇನ್ನೊಂದರ ಹೊರತುದಿಗೆ ಹಿಡಿದಳು. "ಟೈ ಇಷ್ಟೇ ಇರಬೇಕು. ಇದನ್ನ ದಾಟಬಾರದು." ದರ್ಜಿ ಅಂಥದ್ದೊಂದು ಹುಡುಕಿ ಕಟ್ಟಿದ. ಕನ್ನಡಿಯಲ್ಲಿ ಕುಂಬಳಕಾಯಿ ಹೋಗಿ ಮನುಷ್ಯ ಬಂದ. ಅಕ್ಕ ತಾನು ಆರಿಸಿದ ದೊಡ್ಡ ಟೈಯನ್ನು ಮಡಚಿ ಪಕ್ಕಕ್ಕಿಟ್ಟಳು. ಅವಳ ಮಟ್ಟಿಗೆ ಅದು ಚಪ್ಪಾಳೆ.

ಗೆದ್ದ ಹುಮ್ಮಸ್ಸಿನಲ್ಲಿ ಹೆಂಡತಿ ಸಪೂರ ಲ್ಯಾಪೆಲ್ಲಿನ ಕೋಟು ಎಳೆದಳು. "ಇದ್ರಲ್ಲಿ ತೆಳ್ಳಗೆ ಕಾಣ್ತಾರೆ."

"ನಿನ್ನ ಹೆಂಡತಿಗೆ ಹೇಳಪ್ಪ," ಎಂದಳು ಅಕ್ಕ. "ದೊಡ್ಡ ಕಿಟಕಿಗೆ ಕರ್ಚೀಫು ನೇತುಹಾಕಿದ್ರೆ ಕಿಟಕಿ ಇನ್ನೂ ದೊಡ್ಡದಾಗೇ ಕಾಣತ್ತೆ. ಕಾಲರಿನಿಂದ ಭುಜದ ತುದಿಗೆ ಎಷ್ಟಿದೆಯೋ, ಪಟ್ಟಿ ಅದರರ್ಧಕ್ಕಾದ್ರೂ ಬರಬೇಕು."

ಹೆಂಡತಿ ಕೋಟನ್ನೂ ಗಂಡನ ಎದೆಯನ್ನೂ ಮತ್ತೆ ಮತ್ತೆ ನೋಡಿದಳು. ಅಕ್ಕ ಹೇಳಿದ್ದು ನಿಜವಾಗಿತ್ತು. ಒಪ್ಪಿಕೊಳ್ಳುವುದು ಹೇಗೆಂದು ತಿಳಿಯದೆ ಗುಂಡಿ ಎಣಿಸತೊಡಗಿದಳು.

ಹಸಿದಿದ್ದ ದರ್ಜಿ ನಡುವೆ ಬಾಯಿ ಹಾಕಿದ. "ಇಷ್ಟೆಲ್ಲ ಯಾಕಮ್ಮ? ಉದ್ದ ಟೈ ಕಟ್ಟಿದ್ರೆ ಮುಗೀತು. ಈಗೆಲ್ಲ ಹಂಗೇ."

"ಸುಮ್ನಿರಿ ರೀ!" ಎಂದರು ಇಬ್ಬರೂ ಒಟ್ಟಿಗೆ.

ಆಮೇಲೆ ಹೆಂಡತಿ ನೆಲ ನೋಡುತ್ತ, "ಅತ್ತಿಗೆ, ಆ ಮೂಲೇಲಿರೋ ಕೋಟು ನೋಡಿ," ಎಂದಳು.

"ಪಟ್ಟಿ ತುದಿ ಚೂಪಾಗಿರೋದಾ?"

"ಹೂಂ. ಪಟ್ಟಿಯ ರೇಷ್ಮೆ, ಟೈದು, ಎರಡೂ ಒಂದೇ ಹೊಳಪಿದೆ ಅಲ್ವಾ?"

"ಇದೆ ಕಣಮ್ಮ. ಸರಿಯಾಗಿ ನೋಡಿದ್ದೀಯ."

ಕೋಟು ತೊಡಲು ಕೈ ಚಾಚಿ ನಿಂತಿದ್ದ ಇವನು ಅಭ್ಯಾಸಬಲದಿಂದ ಸಂದೇಶ ಮುಟ್ಟಿಸಲು ಬಾಯಿ ತೆರೆದ. ಮುಟ್ಟಿಸುವುದೇನೂ ಉಳಿದಿರಲಿಲ್ಲ. ತೆರೆದ ಬಾಯಿ ಹಾಗೇ ಉಳಿಯಿತು. ಟೈ ಬಿಗಿಯಾಯಿತೆಂದುಕೊಂಡು ದರ್ಜಿ ಸಡಿಲಿಸಿದ.

ಕಛೇರಿಯ ಸಂಜೆ ಇಬ್ಬರೂ ಅಕ್ಕಪಕ್ಕ ಕೂತರು. ಯಾರೂ ನಗಲಿಲ್ಲ. ವಿರಾಮದಲ್ಲಿ ಪಕ್ಕದ ಸೀಟಿನವರು ಬೆರಗಾಗಿ, "ಅಷ್ಟು ಜೋರಾಗಿ ನುಡಿಸ್ತಾ ಹಾಳೇನೂ ಅವರೇ ತಿರುಗಿಸ್ಕೋತಾರಲ್ಲ!" ಎಂದರು.

ಪುಟ ತಿರುಗಿಸುವವನಿಗೆ ಇದಕ್ಕಿಂತ ದೊಡ್ಡ ಪ್ರಶಂಸೆ ಇಲ್ಲ. ಆದರೆ ಕೇಳಿಸಿಕೊಂಡವನು ಅವನಲ್ಲ.

"ನಾಳೆ ನಮ್ಮಂಗಡಿಗೆ ಬನ್ನಿ. ಕಣ್ಣು ನೋಡಿಸೋಣ," ಎಂದಳು ಹೆಂಡತಿ.

"ಅಲ್ಲಿ ಕೂತಿದ್ನಲ್ಲ, ನನ್ನ ತಮ್ಮ!" ಎಂದು ಅಕ್ಕ ಎದ್ದು ನಿಂತು ವೇದಿಕೆ ತೋರಿಸಿದಳು. ಹಿಂದಿನ ಸಾಲಿಗೂ ಕೇಳಿಸಿತು. ವಿರಾಮದ ನಂತರ ಅವನು ಎದ್ದಾಗಲೆಲ್ಲ ಅಷ್ಟೂ ಜನ ಅವನನ್ನೇ ನೋಡಿದರು.

"ಟೈ ಸರಿಯಾಗಿದೆ, ಕೋಟೂ ಸರಿಯಾಗಿದೆ," ಎಂದರು ವಾದಕಿ ಕೊನೆಗೆ. "ಮತ್ಯಾಕೆ ನಿಮ್ಮನ್ನೇ ನೋಡ್ತಿದ್ರು?"

"ಮನೆಯವರು ಬಂದಿದ್ರು, ಮೇಡಂ."

ವಾದಕಿ ಸ್ವರಪುಸ್ತಕ ಮುಚ್ಚಿದರು. "ಸರಿ. ಮುಂದಿನ ತಿಂಗಳೂ ನೀವೇ ಬನ್ನಿ. ಅವರನ್ನ ಬಾಲ್ಕನಿಯಲ್ಲಿ ಕೂರಿಸಿ."

ಹೊರಗೆ ಹೆಂಡತಿಯೂ ಅಕ್ಕನೂ ಆಗಲೇ ಹೊರಟಿದ್ದರು. ಆ ವಾದಕಿಯ ಉಡುಪಿನ ತೋಳಿನ ಹೊಲಿಗೆ ಎಲ್ಲಿ ಕೆಟ್ಟಿದೆಯೆಂದು ಚರ್ಚೆ ನಡೆದಿತ್ತು. ಅವನು ಬಂದದ್ದನ್ನು ಯಾರೂ ಗಮನಿಸಲಿಲ್ಲ. ಅವನು ಟೈ ಬಿಚ್ಚಿ ಜೇಬಿಗೆ ಹಾಕಿಕೊಂಡು, ನೆಮ್ಮದಿಯಾಗಿ, ಅವರ ಹಿಂದೆ ನಡೆದ.